ಎರವಲು ಪಿಟೀಲು, ಸ್ವಂತ ಕೈ: ಕಛೇರಿ ಪಿಟೀಲುಗಾರ್ತಿಯ ಬದುಕು ನಡೆಯುವುದು ಹೇಗೆ?

ನಮ್ಮ ಬೀದಿಯ ಹತ್ತು ವರ್ಷದ ಹುಡುಗಿಯೊಬ್ಬಳು ಪಾಶ್ಚಾತ್ಯ ಶೈಲಿಯ ಪಿಟೀಲು ಕಲಿಯುತ್ತಿದ್ದಾಳೆ. ಮೊನ್ನೆ ಅವಳ ಅಮ್ಮ ಫೋನ್ ಹಿಡಿದುಕೊಂಡು ಬಂದರು. ಉದ್ದನೆಯ ಗೌನು ತೊಟ್ಟ ಒಬ್ಬ ಹುಡುಗಿ ವೇದಿಕೆಯ ಮುಂದೆ ನಿಂತು ಪಿಟೀಲು ನುಡಿಸುತ್ತಿದ್ದಳು. ಹಿಂದೆ ಎಪ್ಪತ್ತು ಎಂಬತ್ತು ಜನ ಕೂತಿದ್ದರು. ಅವರಲ್ಲೂ ಎಷ್ಟೋ ಜನರ ಕೈಯಲ್ಲಿ ಪಿಟೀಲೇ ಇತ್ತು. "ಅಷ್ಟು ಜನ ಹಿಂದೆ ನುಡಿಸ್ತಿದ್ದಾರಲ್ಲ, ಇವಳೊಬ್ಬಳು ಮುಂದೆ ಯಾಕೆ? ಇವಳಿಗೆ ಸಂಬಳ ಯಾರು ಕೊಡ್ತಾರೆ?" ಎಂದು ಕೇಳಿದರು.

ವಿಡಿಯೋದಲ್ಲಿದ್ದವರು ಮರಿಯಾ ದುವೆನ್ಯಾಸ್. ಸ್ಪೇನ್ ದೇಶದ ಗ್ರನಾಡಾದವರು, ಹುಟ್ಟಿದ್ದು 2002ರ ಡಿಸೆಂಬರಿನಲ್ಲಿ. ಇವತ್ತು ದೇಶದಿಂದ ದೇಶಕ್ಕೆ ಓಡಾಡಿ ಕಛೇರಿ ಕೊಡುವ ಎಳೆಯ ಪಿಟೀಲು ವಾದಕರಲ್ಲಿ ಅವರ ಹೆಸರು ಮುಂದಿದೆ. "ದೊಡ್ಡ ಕಲಾವಿದೆ" ಅಂತ ಸುಮ್ನೆ ಹೇಳಿ ಕಳಿಸಬಹುದಿತ್ತು. ಆದರೆ ಆ ತಾಯಿಯ ಪ್ರಶ್ನೆ ನಿಜವಾಗಿಯೂ ಒಳ್ಳೆಯದು. ಬೆಂಗಳೂರಿನಲ್ಲಿ ಎಷ್ಟೋ ಮಕ್ಕಳು ಈಗ ಈ ವಾದ್ಯ ಕಲಿಯುತ್ತಿದ್ದಾರೆ. ಮುಂದೆ ಇದು ಎಂಥ ಕಸುಬು, ಹೇಗೆ ನಡೆಯುತ್ತದೆ ಅನ್ನುವುದು ಮನೆಯವರಿಗೆ ಗೊತ್ತಿರುವುದಿಲ್ಲ. ಬುಡದಿಂದಲೇ ನೋಡೋಣ.

ಮುಂದೆ ನಿಂತವರು, ಹಿಂದೆ ಕೂತವರು

ಆರ್ಕೆಸ್ಟ್ರಾ ಅಂದ ಕೂಡಲೇ ನಮಗೆ ಗಣೇಶನ ಪೆಂಡಾಲು, ಸಿನಿಮಾ ಹಾಡು ನೆನಪಾಗುತ್ತವೆ. ಇದು ಬೇರೆ. ಸಿಂಫನಿ ಆರ್ಕೆಸ್ಟ್ರಾ ಅಂದರೆ ಪಿಟೀಲು, ಚೆಲ್ಲೊ, ಕೊಳಲು, ತುತ್ತೂರಿ, ನಗಾರಿ ಎಲ್ಲ ಸೇರಿದ ದೊಡ್ಡ ವಾದ್ಯವೃಂದ. ಎದುರು ನಿಂತು, ಸಣ್ಣ ಕೋಲು ಹಿಡಿದು ಅವರನ್ನೆಲ್ಲ ನಡೆಸುವವರು ಕಂಡಕ್ಟರ್. ನಮ್ಮ ದೇಶದಲ್ಲಿ 2006ರಲ್ಲಿ ಮುಂಬೈಯಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇಂಥದ್ದು. ಯುರೋಪಿನಲ್ಲಾದರೆ ದೊಡ್ಡ ಊರಿಗೆ ಒಂದಾದರೂ ಇರುತ್ತದೆ.

ಹಿಂದೆ ಕೂತವರು ಆ ವಾದ್ಯವೃಂದದ ನೌಕರರು. ಪರೀಕ್ಷೆ ಕೊಟ್ಟು ಸೇರಿದವರು. ಅನೇಕ ಕಡೆ ಪರದೆಯ ಹಿಂದೆ ನಿಲ್ಲಿಸಿ ನುಡಿಸಿ ಆರಿಸುತ್ತಾರೆ, ನುಡಿಸುವವರು ಯಾರು ಅಂತ ಆರಿಸುವವರಿಗೆ ಗೊತ್ತಾಗಬಾರದು ಅಂತ. ಕೆಲಸ ಸಿಕ್ಕರೆ ತಿಂಗಳ ಸಂಬಳ, ರಜೆ ಎಲ್ಲ ಇರುತ್ತದೆ.

ಮುಂದೆ ನಿಂತವರು ಅತಿಥಿ. ಅವರನ್ನು ಸೋಲೊ ವಾದಕರು ಅಥವಾ ಸೋಲೋಯಿಸ್ಟ್ ಅನ್ನುತ್ತಾರೆ. ಕರಾವಳಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಯಕ್ಷಗಾನ ಮೇಳದಲ್ಲಿ ಭಾಗವತರು, ಚೆಂಡೆ, ಮದ್ದಳೆ, ಉಳಿದ ವೇಷಧಾರಿಗಳು ಇಡೀ ತಿರುಗಾಟಕ್ಕೆ ಇರುವವರು. ಒಂದು ರಾತ್ರಿಯ ಆಟಕ್ಕೆ ಅತಿಥಿ ಕಲಾವಿದರು ಬರುತ್ತಾರೆ. ತಮ್ಮ ವೇಷ ಮಾಡಿ, ಸಂಭಾವನೆ ತೆಗೆದುಕೊಂಡು ಮರುದಿನ ಇನ್ನೊಂದು ಮೇಳದ ಆಟಕ್ಕೆ ಹೋಗುತ್ತಾರೆ. ದುವೆನ್ಯಾಸ್ ಮಾಡುವುದೂ ಅದೇ. ಅವರಿಗೆ ಸಂಬಳ ಇಲ್ಲ. ಕಛೇರಿಗೆ ಇಷ್ಟು ಅಂತ ಸಂಭಾವನೆ.

ಈ ಅತಿಥಿ ನುಡಿಸುವ ಕೃತಿಗೆ ಕಾನ್ಚರ್ಟೊ ಎಂದು ಹೆಸರು. ಒಂದು ವಾದ್ಯಕ್ಕೂ ಇಡೀ ವಾದ್ಯವೃಂದಕ್ಕೂ ನಡೆಯುವ ಮಾತುಕತೆ ಅಂದುಕೊಳ್ಳಿ. ಸಾಮಾನ್ಯವಾಗಿ ಮೂರು ಭಾಗ. ಇಪ್ಪತ್ತೈದು ನಿಮಿಷದಿಂದ ಮುಕ್ಕಾಲು ಗಂಟೆಯವರೆಗೆ ಹೋಗುತ್ತದೆ. ನಮ್ಮ ಕಛೇರಿಯಲ್ಲಿ ಪಿಟೀಲು ಬಹಳ ಸಲ ಪಕ್ಕವಾದ್ಯ. ಇಲ್ಲಿ ಅದಕ್ಕೇ ನಡುಮನೆ. ಪ್ರತಿ ಸ್ವರವನ್ನೂ ಸಂಗೀತ ರಚಿಸಿದವರು ಮೊದಲೇ ಬರೆದಿಟ್ಟಿರುತ್ತಾರೆ. ಸೋಲೋಯಿಸ್ಟ್ ಅದನ್ನು ಸಾಮಾನ್ಯವಾಗಿ ಪುಸ್ತಕ ನೋಡದೆ, ಬಾಯಿಪಾಠದಿಂದ ನುಡಿಸುತ್ತಾರೆ.

ಇಷ್ಟು ಚಿಕ್ಕ ವಯಸ್ಸಿಗೇ ಯಾಕೆ?

ಬೀಥೋವನ್ ಬರೆದ ಪಿಟೀಲು ಕಾನ್ಚರ್ಟೊ ಒಂದೇ ಒಂದು. ಅದರ ಕಥೆಯೊಳಗೇ ಈ ಕಸುಬಿನ ಕಥೆಯೂ ಇದೆ.

1806ರ ಡಿಸೆಂಬರ್ 23ರಂದು ವಿಯೆನ್ನಾದಲ್ಲಿ ಅದನ್ನು ಮೊದಲ ಸಲ ನುಡಿಸಿದವರು ಫ್ರಾಂಜ್ ಕ್ಲೆಮೆಂಟ್. ಕೃತಿ ಕೈಗೆ ಸಿಕ್ಕಿದ್ದು ತೀರಾ ತಡವಾಗಿ, ಅಭ್ಯಾಸಕ್ಕೆ ಸಮಯವೇ ಇರಲಿಲ್ಲ ಎಂಬ ಮಾತಿದೆ. ಆಮೇಲೆ ಬಹಳ ವರ್ಷ ಅದನ್ನು ಕೇಳುವವರೇ ಕಡಿಮೆ. 1844ರಲ್ಲಿ ಲಂಡನ್ನಿನಲ್ಲಿ ಸಂಗೀತ ರಚನೆಕಾರ ಮೆಂಡೆಲ್ಸನ್ ವಾದ್ಯವೃಂದವನ್ನು ನಡೆಸಿದರು, ಯೋಸೆಫ್ ಯೋಆಕಿಮ್ ಎಂಬ ಹುಡುಗ ಇದೇ ಕೃತಿ ನುಡಿಸಿದ. ಅವನಿಗೆ ಆಗ ಇನ್ನೂ 12 ವರ್ಷ. ಈ ಕಾನ್ಚರ್ಟೊಗೆ ಜೀವ ಬಂದದ್ದು ಅಲ್ಲಿಂದ. 1927ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಇದನ್ನೇ ನುಡಿಸಿ ಹೆಸರಾದ ಇನ್ನೊಬ್ಬ ಹುಡುಗ ಯೆಹೂದಿ ಮೆನುಹಿನ್. ವಯಸ್ಸು 11. ಈ ಮೆನುಹಿನ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಬರುತ್ತದೆ.

ಮಕ್ಕಳೇ ಯಾಕೆ? ಪಿಟೀಲಿನ ಮೈ ನೋಡಿದರೆ ಕಾರಣ ಗೊತ್ತಾಗುತ್ತದೆ. ವೀಣೆಗೆ, ಗಿಟಾರಿಗೆ ಮೆಟ್ಟಿಲು ಇರುತ್ತದೆ. ಬೆರಳು ಎಲ್ಲಿ ಇಡಬೇಕು ಅಂತ ಅದೇ ಹೇಳುತ್ತದೆ. ಪಿಟೀಲಿನಲ್ಲಿ ಏನೂ ಇಲ್ಲ, ನುಣ್ಣನೆಯ ಕಪ್ಪು ಮರ ಅಷ್ಟೆ. ಮೇಲಿನ ಸ್ವರಗಳಲ್ಲಿ ಬೆರಳು ಒಂದು ಮಿಲಿಮೀಟರ್ ಸರಿದರೂ ಅಪಸ್ವರ. ಆ ಜಾಗವನ್ನು ಕಿವಿ ಹುಡುಕಬೇಕು, ಬೆರಳು ನೆನಪಿಡಬೇಕು. ಎಡಗೈ ಇದನ್ನು ಮಾಡುತ್ತಿರುವಾಗ ಬಲಗೈ ಕಮಾನಿನ ಭಾರ, ವೇಗ, ಜಾಗ ಮೂರನ್ನೂ ನೋಡಿಕೊಳ್ಳಬೇಕು. ಇದು ತಿಳಿದುಕೊಂಡು ಮಾಡುವ ಕೆಲಸ ಅಲ್ಲ, ಮೈಗೆ ಹತ್ತಬೇಕಾದದ್ದು. ಮಾತು ಕಲಿತ ಹಾಗೆ. ಅದಕ್ಕೇ ಈ ಮಟ್ಟಕ್ಕೆ ಬರುವವರು ಹೆಚ್ಚಾಗಿ ನಾಲ್ಕರಿಂದ ಏಳು ವರ್ಷದೊಳಗೆ ಶುರುಮಾಡಿದವರು. ಮಕ್ಕಳ ಅಳತೆಗೆ ಕಾಲು, ಅರ್ಧ, ಮುಕ್ಕಾಲು ಗಾತ್ರದ ಪಿಟೀಲುಗಳೂ ಇವೆ. ಮಗು ಬೆಳೆದಂತೆ ಚಪ್ಪಲಿ ಬದಲಾಯಿಸುವ ಹಾಗೆ ಅವನ್ನೂ ಬದಲಾಯಿಸುತ್ತಾ ಹೋಗುತ್ತಾರೆ.

ದುವೆನ್ಯಾಸ್ ಆರನೇ ವಯಸ್ಸಿನಲ್ಲಿ ಹಿಡಿದರು, ಮರುವರ್ಷ ಗ್ರನಾಡಾದ ಸಂಗೀತ ಶಾಲೆ ಸೇರಿದರು. ಹನ್ನೊಂದರ ಹೊತ್ತಿಗೆ ವಿದ್ಯಾರ್ಥಿವೇತನ ಗೆದ್ದು ಜರ್ಮನಿಯ ಡ್ರೆಸ್ಡೆನ್‌ಗೆ ಹೋದರು. ಅಲ್ಲಿಂದ ವಿಯೆನ್ನಾಗೆ, ಬೋರಿಸ್ ಕುಶ್ನಿರ್ ಎಂಬ ಗುರುಗಳ ಬಳಿಗೆ. ಇದನ್ನು ಒಂದೇ ಸಾಲಿನಲ್ಲಿ ಓದಿ ಮುಗಿಸಿಬಿಡುತ್ತೇವೆ. ಆದರೆ ಹನ್ನೊಂದು ವರ್ಷದ ಮಗು ಬೇರೆ ದೇಶಕ್ಕೆ, ಬೇರೆ ಭಾಷೆಗೆ ಹೋಗುವುದು ಒಂದು ಮನೆಗೆ ಎಷ್ಟು ದೊಡ್ಡ ತೀರ್ಮಾನ ಅಲ್ವಾ? ಈ ಕಸುಬಿನಲ್ಲಿ ಮೊದಲ ಬಂಡವಾಳ ಹಾಕುವವರು ಯಾವತ್ತೂ ಅಪ್ಪ ಅಮ್ಮ. ವಾಪಸ್ ಬರುತ್ತದೆ ಅನ್ನುವ ಖಾತ್ರಿ ಯಾರೂ ಕೊಡುವುದಿಲ್ಲ.

ಬಾಗಿಲು ತೆರೆಯುವುದು ಎಲ್ಲಿ?

ಚೆನ್ನಾಗಿ ನುಡಿಸುವವರು ಜಗತ್ತಿನಲ್ಲಿ ಸಾವಿರಾರು ಜನ ಇದ್ದಾರೆ. ವಾದ್ಯವೃಂದಗಳಿಗೆ ವರ್ಷಕ್ಕೆ ಬೇಕಾಗುವ ಅತಿಥಿಗಳು ಕೆಲವೇ ಜನ. ಹಾಗಾದರೆ ಹೊಸಬರು ಕಣ್ಣಿಗೆ ಬೀಳುವುದು ಹೇಗೆ?

ಒಂದು ದಾರಿ ಸ್ಪರ್ಧೆ. ಬ್ರಸೆಲ್ಸ್‌ನಲ್ಲಿ ಕ್ವೀನ್ ಎಲಿಜಬೆತ್ ಸ್ಪರ್ಧೆ, ಮಾಸ್ಕೋದಲ್ಲಿ ಚೈಕೋವ್ಸ್ಕಿ ಸ್ಪರ್ಧೆ, ಇಟಲಿಯ ಜೆನೋವಾದಲ್ಲಿ ಪಗನಿನಿ ಸ್ಪರ್ಧೆ. 22 ವರ್ಷದೊಳಗಿನವರಿಗಾಗಿಯೇ ಇರುವುದು ಮೆನುಹಿನ್ ಸ್ಪರ್ಧೆ. ಹನ್ನೊಂದರ ವಯಸ್ಸಿಗೆ ಕಾರ್ನೆಗಿ ಹಾಲ್‌ನಲ್ಲಿ ನಿಂತ ಆ ಹುಡುಗನೇ ದೊಡ್ಡವನಾಗಿ, 1983ರಲ್ಲಿ ಇದನ್ನು ಶುರುಮಾಡಿದ್ದು. 2018ರಲ್ಲಿ ಅದರ ಕಿರಿಯರ ವಿಭಾಗದ ಮೊದಲ ಬಹುಮಾನವನ್ನು ಇಬ್ಬರು ಮಕ್ಕಳು ಹಂಚಿಕೊಂಡರು. ಸಿಂಗಪುರದ ಕ್ಲೋಯಿ ಚುವಾಗೆ 11 ವರ್ಷ, ಆಸ್ಟ್ರೇಲಿಯಾದ ಕ್ರಿಶ್ಚಿಯನ್ ಲೀಗೆ 10. 2021ರ ಸ್ಪರ್ಧೆ ಅಮೆರಿಕದ ರಿಚ್ಮಂಡ್‌ನಲ್ಲಿ ನಡೆಯಬೇಕಿತ್ತು. ಕೊರೊನಾ ಬಂತು, ಎಲ್ಲವೂ ಆನ್‌ಲೈನ್ ಆಯಿತು. ಮಕ್ಕಳು ತಮ್ಮ ತಮ್ಮ ಊರಿನಲ್ಲೇ ನುಡಿಸಿದ್ದನ್ನು ಜಗತ್ತು ಫೋನಿನಲ್ಲಿ ನೋಡಿತು. ಹಿರಿಯರ ವಿಭಾಗದಲ್ಲಿ ಮೊದಲ ಬಹುಮಾನ, ಕೇಳುಗರ ಬಹುಮಾನ ಎರಡೂ 18ರ ದುವೆನ್ಯಾಸ್‌ಗೆ ಬಂದವು. ಅದೇ ವರ್ಷ ಬಿಬಿಸಿ ರೇಡಿಯೊ ಹೊಸ ಪೀಳಿಗೆಯ ಕಲಾವಿದರ ಯೋಜನೆಗೆ ಅವರನ್ನು ಆರಿಸಿತು. 2022ರಲ್ಲಿ ಡಾಯ್ಚ ಗ್ರಾಮೋಫೋನ್ ಎಂಬ ಹಳೆಯ, ದೊಡ್ಡ ಧ್ವನಿಮುದ್ರಣ ಕಂಪನಿ ಒಪ್ಪಂದ ಮಾಡಿಕೊಂಡಿತು.

ಸ್ಪರ್ಧೆ ಗೆದ್ದವರೆಲ್ಲ ಉಳಿಯುತ್ತಾರೆ ಅಂತಲ್ಲ. ಬಹುಮಾನದ ಹಣಕ್ಕಿಂತ ಅದರ ಜೊತೆ ಬರುವ ಕಛೇರಿಗಳು ಮುಖ್ಯ. ಅಲ್ಲಿ ಕಂಡಕ್ಟರ್ ಒಬ್ಬರಿಗೆ ಇಷ್ಟವಾದರೆ ಮತ್ತೆ ಕರೆಯುತ್ತಾರೆ, ಇನ್ನೊಬ್ಬರಿಗೆ ಹೇಳುತ್ತಾರೆ. ಎರಡನೆಯ ಸಲ ಕರೆ ಬಂದಾಗಲೇ ನಿಜವಾಗಿ ಬಾಗಿಲು ತೆರೆಯಿತು ಅನ್ನಬಹುದು.

ಇನ್ನೊಂದು ದಾರಿ ಯಾರೂ ಯೋಜನೆ ಹಾಕಲಾರದ್ದು. ಹೆಸರಾಂತ ಸೋಲೋಯಿಸ್ಟ್ ಒಬ್ಬರಿಗೆ ಜ್ವರ ಬರುತ್ತದೆ. ಟಿಕೆಟ್ ಮಾರಿ ಆಗಿದೆ. ನಾಳೆ ಸಂಜೆ ಕಛೇರಿ. ಆ ಕೃತಿ ಕೈಯಲ್ಲಿರುವ ಯಾರಾದರೂ ಈಗಲೇ ವಿಮಾನ ಹತ್ತಬಲ್ಲರಾ ಅಂತ ಫೋನ್ ಹೋಗುತ್ತದೆ. ಎಷ್ಟೋ ದೊಡ್ಡ ಹೆಸರುಗಳು ಹೀಗೆ ಬೆಳಕಿಗೆ ಬಂದಿವೆ. ಫೋನ್ ಬಂದಾಗ ಕೃತಿ ಕೈಯಲ್ಲಿರಬೇಕು, ಅಷ್ಟೆ. ಅದಕ್ಕೆ ಎಳೆಯ ವಾದಕರು ಕರೆ ಬರುವ ಮೊದಲೇ ಬೀಥೋವನ್, ಬ್ರಾಮ್ಸ್, ಮೆಂಡೆಲ್ಸನ್, ಚೈಕೋವ್ಸ್ಕಿ, ಸಿಬೆಲಿಯುಸ್, ಬ್ರುಖ್ ಇವರ ಕಾನ್ಚರ್ಟೊಗಳನ್ನು ಕಲಿತಿಟ್ಟುಕೊಂಡಿರುತ್ತಾರೆ. ವಾದ್ಯವೃಂದಗಳು ಜಾಸ್ತಿ ಕೇಳುವುದು ಇವನ್ನೇ.

ಹಳೆಯ ಮರ, ದೊಡ್ಡ ಬೆಲೆ

ಈಗ ಆ ತಾಯಿ ಬೆರಗಾದ ವಿಷಯಕ್ಕೆ ಬರೋಣ. ದುವೆನ್ಯಾಸ್ ನುಡಿಸುವ ಪಿಟೀಲು ಅವರದಲ್ಲ.

ಇಟಲಿಯ ಕ್ರೆಮೋನಾದಲ್ಲಿ ಅಂತೋನಿಯೊ ಸ್ಟ್ರಾಡಿವರಿ ಎಂಬ ಕುಶಲಿ ಇದ್ದರು. 1737ರಲ್ಲಿ ತೀರಿಕೊಂಡರು. ಅವರು ಮಾಡಿದ ವಾದ್ಯಗಳಲ್ಲಿ ಇವತ್ತು ಉಳಿದಿರುವುದು ಸುಮಾರು 650. ದುವೆನ್ಯಾಸ್ ಕೈಯಲ್ಲಿರುವುದು 1710ರಲ್ಲಿ ಮಾಡಿದ್ದು, ಹೆಸರು 'ಕಾಂಪೋಸೆಲಿಚೆ'. ದೇವಸ್ಥಾನದ ಆನೆಗೆ ಹೆಸರಿರುವ ಹಾಗೆ ಈ ಪಿಟೀಲುಗಳಿಗೂ ಒಂದೊಂದು ಹೆಸರಿದೆ. ಒಡೆತನ ಜಪಾನಿನ ನಿಪ್ಪಾನ್ ಮ್ಯೂಸಿಕ್ ಫೌಂಡೇಶನ್ನಿನದು. ದುವೆನ್ಯಾಸ್ ಬಳಿ ಇನ್ನೊಂದು ಪಿಟೀಲೂ ಇದೆ. ನೇಪಲ್ಸ್‌ನ ನಿಕೊಲೊ ಗಾಲ್ಯಾನೊ ಮಾಡಿದ ಅದು ಜರ್ಮನಿಯ ಪ್ರತಿಷ್ಠಾನವೊಂದರದ್ದು.

ಯಾಕೆ ಎರವಲು? ಬೆಲೆ ಕೇಳಿ. 1721ರ 'ಲೇಡಿ ಬ್ಲಂಟ್' ಎಂಬ ಸ್ಟ್ರಾಡಿವರಿ ಪಿಟೀಲು 2011ರಲ್ಲಿ 1 ಕೋಟಿ 59 ಲಕ್ಷ ಡಾಲರಿಗೆ ಹರಾಜಾಯಿತು. ಅದನ್ನು ಮಾರಿದ್ದೂ ಇದೇ ನಿಪ್ಪಾನ್ ಸಂಸ್ಥೆ. ಹಣವನ್ನೆಲ್ಲ ಆ ವರ್ಷ ಜಪಾನಿನ ಭೂಕಂಪ, ಸುನಾಮಿಯಲ್ಲಿ ನೊಂದವರಿಗೆ ಕೊಟ್ಟರು. ಇಷ್ಟು ಬೆಲೆಯ ವಸ್ತುವನ್ನು ಇಪ್ಪತ್ತು ದಾಟಿದ ವಾದಕಿ ಎಲ್ಲಿಂದ ಕೊಳ್ಳಬೇಕು? ಅದಕ್ಕೆ ಪ್ರತಿಷ್ಠಾನಗಳು, ಬ್ಯಾಂಕುಗಳು, ಸಂಗ್ರಹಕಾರರು ಕೊಂಡು ಇಟ್ಟುಕೊಂಡು, ತಕ್ಕವರಿಗೆ ಕೆಲವು ವರ್ಷ ನುಡಿಸಲು ಕೊಡುತ್ತಾರೆ. ಮೆನುಹಿನ್ ಸ್ಪರ್ಧೆಯ ಬಹುಮಾನದಲ್ಲೇ ಸಂಗ್ರಹಕಾರರೊಬ್ಬರ ಸ್ಟ್ರಾಡಿವರಿ ಎರಡು ವರ್ಷದ ಎರವಲಿಗೆ ಸೇರಿತ್ತು. ಕೊಡುವವರಿಗೂ ಲಾಭ ಇದೆ. ಪಿಟೀಲಿನ ಹೆಸರು ಬೆಳೆಯುತ್ತದೆ, ಮರವೂ ಕಪಾಟಿನಲ್ಲಿ ಕೂರುವುದಕ್ಕಿಂತ ನುಡಿಯುತ್ತಿದ್ದರೆ ಚೆನ್ನಾಗಿರುತ್ತದೆ ಎಂಬ ನಂಬಿಕೆ ಇದೆ. ತೆಗೆದುಕೊಂಡವರಿಗೆ ಕಟ್ಟುಪಾಡು ಇರುತ್ತದೆ. ವಿಮೆ, ಆಗಾಗ ತಜ್ಞರ ತಪಾಸಣೆ, ಅವಧಿ ಮುಗಿದರೆ ವಾಪಸ್. ವಿಮಾನದಲ್ಲಿ ಅದು ಸಾಮಾನಿನ ಜೊತೆ ಕೆಳಗೆ ಹೋಗುವುದಿಲ್ಲ, ವಾದಕರ ಜೊತೆಯೇ ಇರುತ್ತದೆ. ಒಣ ಹವೆಗೆ ಮರ ಬಿರುಕು ಬಿಡಬಹುದು, ಹಾಗಾಗಿ ಪೆಟ್ಟಿಗೆಯೊಳಗೆ ತೇವ ಅಳೆಯುವ ಸಣ್ಣ ಗಡಿಯಾರದಂಥದ್ದು ಇಟ್ಟುಕೊಂಡಿರುತ್ತಾರೆ.

ಹಳೆಯದೇ ಯಾಕೆ ಬೇಕು? ಎರಡು ಸಾವಿರ ಜನರ ಸಭಾಂಗಣ, ಹಿಂದೆ ಎಪ್ಪತ್ತು ವಾದ್ಯ, ಮೈಕ್ ಇಲ್ಲ. ಒಂದು ಪಿಟೀಲಿನ ದನಿ ಕೊನೆಯ ಸಾಲಿಗೆ ತಲುಪಬೇಕು. ಇದು ನಮ್ಮ ಟಿ. ಚೌಡಯ್ಯನವರು ಎದುರಿಸಿದ ಕಷ್ಟವೇ. ತಿರುಮಕೂಡಲು ನರಸೀಪುರದ ಈ ವಿದ್ವಾಂಸರು ಮೈಕ್ ಇಲ್ಲದ ಕಾಲದಲ್ಲಿ ಹಿಂದಿನವರಿಗೂ ಕೇಳಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡರು. ಅಲ್ಲಿಯವರು ತಂತಿ ಸೇರಿಸಲಿಲ್ಲ, ದನಿ ದೂರ ಹೋಗುವ ಮರ ಹುಡುಕಿದರು. ಆ ಗುಣ ಹಳೆಯ ಇಟಲಿಯ ಪಿಟೀಲಿಗೇ ಇದೆ ಅಂತ ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದಾರೆ.

ಈ ನಂಬಿಕೆಯನ್ನು ಪರೀಕ್ಷಿಸಿದವರೂ ಇದ್ದಾರೆ. ಕ್ಲೌದಿಯಾ ಫ್ರಿಟ್ಜ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಹತ್ತು ಮಂದಿ ಸೋಲೊ ವಾದಕರಿಗೆ ಕಪ್ಪು ಕನ್ನಡಕ ಹಾಕಿಸಿ ಹಳೆಯ, ಹೊಸ ಪಿಟೀಲುಗಳನ್ನು ಕೈಗೆ ಕೊಟ್ಟರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರು ಮಂದಿ ಆರಿಸಿಕೊಂಡದ್ದು ಹೊಸ ಪಿಟೀಲನ್ನು. ಯಾವುದು ಹಳೆಯದು ಅಂತ ಗುರುತಿಸುವುದರಲ್ಲೂ ಅವರು ಗೆಲ್ಲಲಿಲ್ಲ. ಇಷ್ಟಾದರೂ ಎರವಲಿಗೆ ಸಾಲು ಕರಗಿಲ್ಲ. ಹೊಸ ಪಿಟೀಲೂ ಈ ಮಟ್ಟದ ಕಛೇರಿಗೆ ಸಾಕು ಅನ್ನುವುದು ಮಾತ್ರ ಕಲಿಯುವ ಮಕ್ಕಳ ಮನೆಯವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು ಅನ್ನಿಸುತ್ತದೆ.

ಎರವಲಿನ ಇನ್ನೊಂದು ಕಥೆ ಹೇಳಲೇಬೇಕು. 1986ರ ಜುಲೈ, ಅಮೆರಿಕದ ಟ್ಯಾಂಗಲ್‌ವುಡ್. ಜಪಾನ್ ಮೂಲದ ಮಿಡೊರಿಗೆ 14 ವರ್ಷ. ಲಿಯೊನಾರ್ಡ್ ಬರ್ನ್‌ಸ್ಟೈನ್ ತಾವೇ ಬರೆದ ಕೃತಿಯನ್ನು ತಾವೇ ನಡೆಸುತ್ತಿದ್ದರು. ಕೊನೆಯ ಭಾಗದಲ್ಲಿ ಹುಡುಗಿಯ ಪಿಟೀಲಿನ ತೆಳು ತಂತಿ ಕಿತ್ತುಹೋಯಿತು. ಅವಳು ನಿಲ್ಲಲಿಲ್ಲ. ವಾದ್ಯವೃಂದದ ಮೊದಲ ಪಿಟೀಲುಗಾರರ ಕಡೆ ತಿರುಗಿದಳು, ತನ್ನದನ್ನು ಕೊಟ್ಟಳು, ಅವರದನ್ನು ತೆಗೆದುಕೊಂಡು ಮುಂದುವರಿದಳು. ಸ್ವಲ್ಪ ಹೊತ್ತಿಗೆ ಆ ತಂತಿಯೂ ಹೋಯಿತು. ಈಗ ಎರಡನೆಯವರ ಪಿಟೀಲು. ಪ್ರತಿ ಪಿಟೀಲಿನ ಅಳತೆ, ತೂಕ, ಗದ್ದದ ಆಸರೆ ಬೇರೆ ಬೇರೆ. ಅವಳು ಅಭ್ಯಾಸ ಮಾಡಿದ್ದಕ್ಕಿಂತ ಇವು ದೊಡ್ಡವು. ಆದರೂ ಕೃತಿ ಮುಗಿಸಿದಳು. ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟದಲ್ಲಿ ಹಾಕಿತು. ತಂತಿ ಹರಿದರೆ ಪಕ್ಕದವರ ಪಿಟೀಲು ತೆಗೆದುಕೊಳ್ಳುವುದು ಅಲ್ಲಿನ ಹಳೆಯ ರೂಢಿ. ಕೊಟ್ಟವರು ಕೂತಲ್ಲೇ ತಂತಿ ಬದಲಾಯಿಸುತ್ತಾರೆ.

ಒಂದು ಊರು, ಒಂದು ವಾರ

ಸೋಲೊ ವಾದಕರ ದಿನಚರಿ ಎರಡು ಮೂರು ವರ್ಷ ಮುಂಚೆ ಗೊತ್ತಾಗಿರುತ್ತದೆ. ಯುರೋಪ್, ಅಮೆರಿಕದ ಕಛೇರಿಗಳ ಋತು ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ಜೂನ್‌ವರೆಗೆ. ಬೇಸಿಗೆಯಲ್ಲಿ ಉತ್ಸವಗಳು. ಕರೆ ನೋಡಿಕೊಳ್ಳುವುದು, ಸಂಭಾವನೆ ಮಾತಾಡುವುದು, ಯಾವ ಕೃತಿ ಎಲ್ಲಿ ಅಂತ ಹೊಂದಿಸುವುದು ಏಜೆಂಟರ ಕೆಲಸ. ಅವರಿಗೆ ಸಂಭಾವನೆಯಲ್ಲಿ ಪಾಲು ಹೋಗುತ್ತದೆ. ಒಳ್ಳೆಯ ಏಜೆಂಟ್ ಬೇಡ ಅನ್ನುವುದನ್ನೂ ಹೇಳಿಕೊಡುತ್ತಾರೆ. ಬಂದ ಕರೆಯನ್ನೆಲ್ಲ ಒಪ್ಪಿಕೊಂಡರೆ ಎರಡೇ ವರ್ಷದಲ್ಲಿ ಕೈ ದಣಿಯುತ್ತದೆ.

ವಾರ ಹೀಗೆ ಸಾಗುತ್ತದೆ. ಸೋಮವಾರವೋ ಮಂಗಳವಾರವೋ ಬಂದಿಳಿಯುತ್ತಾರೆ. ಕಂಡಕ್ಟರ್ ಜೊತೆ ಒಂದು ಕೋಣೆಯಲ್ಲಿ ಕೂತು ಎಲ್ಲಿ ನಿಧಾನ, ಎಲ್ಲಿ ವೇಗ, ಎಲ್ಲಿ ಉಸಿರು ಅಂತ ಮಾತಾಡುತ್ತಾರೆ. ವಾದ್ಯವೃಂದದ ಜೊತೆ ಒಂದೋ ಎರಡೋ ಸಲ ಅಭ್ಯಾಸ. ಅಷ್ಟೆ! ಗುರುವಾರ ಕಛೇರಿ. ಕೆಲವು ಕಡೆ ಶುಕ್ರವಾರ, ಶನಿವಾರವೂ ಅದೇ ಕೃತಿ. ಭಾನುವಾರ ವಿಮಾನ ನಿಲ್ದಾಣ. ಮುಂದಿನ ವಾರ ಬೇರೆ ಊರು, ಬೇರೆ ಕಂಡಕ್ಟರ್, ಬೇರೆ ಕಾನ್ಚರ್ಟೊ ಇರಬಹುದು. ಅದರ ಅಭ್ಯಾಸ ಹೋಟೆಲ್ ಕೋಣೆಯಲ್ಲಿ, ಪಕ್ಕದ ಕೋಣೆಯವರಿಗೆ ತೊಂದರೆಯಾಗದಂತೆ ಪಿಟೀಲಿನ ದನಿ ತಗ್ಗಿಸುವ ಸಣ್ಣ ತುಂಡೊಂದನ್ನು ಸಿಕ್ಕಿಸಿಕೊಂಡು ನಡೆಯುತ್ತದೆ.

ಹಣದ ಮಾತು. ದೊಡ್ಡ ಹೆಸರಿನವರಿಗೆ ಸಂಭಾವನೆ ಚೆನ್ನಾಗಿಯೇ ಇದೆ. ಆದರೆ ಏಜೆಂಟರ ಪಾಲು, ತೆರಿಗೆ, ಪ್ರಯಾಣ, ವಿಮೆ ಎಲ್ಲ ಅದರಿಂದಲೇ ಹೋಗುತ್ತದೆ. ಕಾಯಿಲೆ ಬಿದ್ದು ಕಛೇರಿ ತಪ್ಪಿದರೆ ಸಾಮಾನ್ಯವಾಗಿ ಸಂಭಾವನೆಯೂ ತಪ್ಪುತ್ತದೆ. ಧ್ವನಿಮುದ್ರಣದಿಂದ ಬರುವ ಹಣ ಈಗ ಕಡಿಮೆ. ಆಲ್ಬಮ್ ಅನ್ನುವುದು ಹೆಚ್ಚುಕಡಿಮೆ ವಾದಕರ ಪರಿಚಯಪತ್ರ. ಹೊಸ ಕೃತಿಗಳನ್ನು ಮೊದಲ ಸಲ ನುಡಿಸುವುದೂ ಹೆಸರು ಕಟ್ಟುವ ಕೆಲಸವೇ. ಮೆಕ್ಸಿಕೋದ ಗಾಬ್ರಿಯೇಲಾ ಓರ್ತಿಸ್ 'ಅಲ್ತಾರ್ ದೆ ಕ್ವೆರ್ದಾ' ಎಂಬ ಕಾನ್ಚರ್ಟೊವನ್ನು ದುವೆನ್ಯಾಸ್‌ಗಾಗಿಯೇ ಬರೆದರು. 2022ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗುಸ್ತಾವೊ ದುದಮೆಲ್ ಅದನ್ನು ನಡೆಸಿದರು.

ಟಿಕೆಟ್ ಹಣದಿಂದಲೇ ಇಷ್ಟು ದೊಡ್ಡ ವಾದ್ಯವೃಂದ ನಡೆಯುವುದಿಲ್ಲ. ಯುರೋಪಿನಲ್ಲಿ ಸರ್ಕಾರ, ಅಮೆರಿಕದಲ್ಲಿ ದಾನಿಗಳು ಜಾಸ್ತಿ ಭಾರ ಹೊರುತ್ತಾರೆ. ಇದರಲ್ಲಿ ಮೈಸೂರಿನ ಪಾಲೂ ಇದೆ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿ, ಹಣದ ಆಸರೆಯಾಗಿ ನಿಂತವರು ಜಯಚಾಮರಾಜೇಂದ್ರ ಒಡೆಯರ್.

ಮೈ ಮಾತು ಕೇಳದಿದ್ದಾಗ

ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ ನುಡಿಸುತ್ತಾರೆ. ಎಡಗೈಗೆ ಭಾರ ಇಲ್ಲ, ಗಮಕಕ್ಕೆ ಕೈ ಸರಾಗ ಜಾರುತ್ತದೆ. ಪಾಶ್ಚಾತ್ಯ ವಾದಕರು ನಿಂತು, ಗದ್ದ ಮತ್ತು ಹೆಗಲಿನ ನಡುವೆ ಪಿಟೀಲು ಹಿಡಿಯುತ್ತಾರೆ. ಕತ್ತು ಎಡಕ್ಕೆ, ಎಡ ಮೊಣಕೈ ಒಳಕ್ಕೆ ತಿರುಚಿ, ಬಲಗೈ ಗಾಳಿಯಲ್ಲಿ. ದಿನಕ್ಕೆ ನಾಲ್ಕೈದು ಗಂಟೆ, ಇಪ್ಪತ್ತು ಮೂವತ್ತು ವರ್ಷ ಹೀಗೆ ನಿಂತರೆ ಹೆಗಲು, ಬೆನ್ನು, ಮಣಿಕಟ್ಟು ಬಿಡುತ್ತವಾ? ರಷ್ಯಾದಲ್ಲಿ ಹುಟ್ಟಿದ ಮ್ಯಾಕ್ಸಿಮ್ ವೆಂಗೆರೋವ್ ಹೆಗಲಿನ ಪೆಟ್ಟಿನಿಂದ ಕೆಲವು ವರ್ಷ ಪಿಟೀಲು ಬಿಟ್ಟು, ಕಂಡಕ್ಟರ್ ಆಗಿ, 2011ರಲ್ಲಿ ಮತ್ತೆ ಹಿಡಿದರು.

ಮೆನುಹಿನ್ ಅವರದು ಇನ್ನೂ ಆಳದ ಕಷ್ಟ. ಮಗುವಾಗಿದ್ದಾಗ ಕೈ ತಾನಾಗಿ ನುಡಿಸಿತ್ತು. ಹೇಗೆ ನುಡಿಸುತ್ತಿದ್ದೇನೆ ಅಂತ ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ನೂರಾರು ಕಛೇರಿ ಕೊಟ್ಟರು. ಆಮೇಲೆ ಕಮಾನು ಹಿಡಿದ ಕೈ ಹೇಳಿದ ಮಾತು ಕೇಳದಾಯಿತು. ನಡೆಯುತ್ತಿರುವವನಿಗೆ ನಡೆಯುವುದು ಹೇಗೆ ಅಂತ ಮರೆತುಹೋದ ಹಾಗೆ. ಮೂವತ್ತು ದಾಟಿದ, ಜಗತ್ತು ಕೊಂಡಾಡುವ ವಾದಕ ಮೊದಲ ಪಾಠದಿಂದ ಮತ್ತೆ ಕಲಿಯಬೇಕಾಯಿತು.

1952ರಲ್ಲಿ ನೆಹರೂ ಅವರ ಆಹ್ವಾನದ ಮೇಲೆ ಮೆನುಹಿನ್ ಭಾರತಕ್ಕೆ ಬಂದರು. ಮುಂಬೈಯಲ್ಲಿ ಒಬ್ಬ ಯೋಗ ಗುರು ಅವರನ್ನು ನೋಡಲು ಬಂದರು. ಹೆಸರು ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, ಪುಣೆಯಲ್ಲಿ ನೆಲೆಸಿದವರು. ಮೆನುಹಿನ್ ತುಂಬಾ ದಣಿದಿದ್ದರು, ಕೆಲವೇ ನಿಮಿಷ ಸಮಯ ಅಂದಿದ್ದರು. ಅಯ್ಯಂಗಾರ್, ಮೆನುಹಿನ್‌ರನ್ನು ಮಲಗಿಸಿ ಶವಾಸನ ಮಾಡಿಸಿದರು. ಮೆನುಹಿನ್ ನಿದ್ದೆ ಹೋದರು. ಎದ್ದಾಗ ಮೈ ಹಗುರವಾಗಿತ್ತು. ಆ ಭೇಟಿ ಗಂಟೆಗಟ್ಟಲೆ ನಡೆಯಿತು, ಸ್ನೇಹ ವರ್ಷಗಟ್ಟಲೆ. 1954ರಲ್ಲಿ ಅಯ್ಯಂಗಾರರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡು, ಒಂದು ಕೈಗಡಿಯಾರ ಕೊಟ್ಟರು. ಅದರ ಹಿಂದೆ, ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ ಎಂದು ಕೆತ್ತಿಸಿದ್ದರು. ಅಯ್ಯಂಗಾರ್ ಪಿಟೀಲು ನುಡಿಸುವವರಲ್ಲ. ಹೆಗಲು ಬಿಡುವುದು, ಉಸಿರು ಬಿಡುವುದು, ನಿಲ್ಲುವುದು ಇಷ್ಟನ್ನೇ ಅವರು ಕಲಿಸಿದ್ದು.

ನಮ್ಮ ಬೀದಿಯ ಹುಡುಗಿಯ ಅಮ್ಮನಿಗೆ ನಾನು ಎಲ್ಲಕ್ಕಿಂತ ಒತ್ತಿ ಹೇಳಿದ್ದು ಇದನ್ನೇ. ಮಗು ಕೈ ನೋವು ಅಂದರೆ, ಅವತ್ತು ಪೆಟ್ಟಿಗೆ ಮುಚ್ಚಿ.

ಯಾರೂ ಬರೆದಿಡದ ಜಾಗ

ಪಿಟೀಲು ಎರವಲು, ವೇದಿಕೆ ಬೇರೆಯವರದು, ಸ್ವರಗಳನ್ನೆಲ್ಲ ಇನ್ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ಹಾಗಾದರೆ ವಾದಕಿಯ ಸ್ವಂತದ್ದು ಯಾವುದು?

ಬೀಥೋವನ್ನರ ಆ ಕಾನ್ಚರ್ಟೊಗೇ ಹಿಂತಿರುಗೋಣ. ಅದು ಶುರುವಾಗುವುದೇ ವಿಚಿತ್ರವಾಗಿ. ನಗಾರಿಯ ಐದು ಮೆಲ್ಲನೆಯ ಬಡಿತ. ಆಮೇಲೆ ಸುಮಾರು ಮೂರು ನಿಮಿಷ ವಾದ್ಯವೃಂದ ಮಾತ್ರ. ಸೋಲೋಯಿಸ್ಟ್ ಪಿಟೀಲು ಇಳಿಬಿಟ್ಟುಕೊಂಡು, ಎಲ್ಲರ ಕಣ್ಣೆದುರು ಸುಮ್ನೆ ನಿಂತಿರಬೇಕು. ನುಡಿಸುವುದಕ್ಕಿಂತ ಅದೇ ಕಷ್ಟ ಇರಬೇಕು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಆಮೇಲೆ ಪಿಟೀಲು ಕೆಳಗಿನಿಂದ ಮೆಟ್ಟಿಲು ಹತ್ತಿದಂತೆ ಒಳಗೆ ಬರುತ್ತದೆ.

ಮೊದಲ ಭಾಗ 20 ನಿಮಿಷ ದಾಟಿರುತ್ತದೆ. ಕೊನೆಯ ಹತ್ತಿರ ಇಡೀ ವಾದ್ಯವೃಂದ ಒಂದು ದೊಡ್ಡ ಸ್ವರಕ್ಕೆ ಬಂದು ನಿಲ್ಲುತ್ತದೆ. ಇಲ್ಲಿಂದ ಸೋಲೋಯಿಸ್ಟ್ ಒಬ್ಬರೇ. ಈ ಜಾಗಕ್ಕೆ ಕಡೆನ್ಜಾ ಅನ್ನುತ್ತಾರೆ. ನಮ್ಮ ಕಛೇರಿಯ ತನಿ ಆವರ್ತನ ನೆನಪಿಸಿಕೊಳ್ಳಿ. ಹಾಡುವವರು, ಪಿಟೀಲಿನವರು ಕೈಬಿಟ್ಟು ತಾಳ ಹಾಕುತ್ತಾ ಕೂರುತ್ತಾರೆ, ಮೃದಂಗ ತನ್ನ ಮನೋಧರ್ಮ ತೋರಿಸುತ್ತದೆ. ಅದೇ ಥರ. ಬೀಥೋವನ್ ಪಿಟೀಲಿಗೆ ಈ ಜಾಗದಲ್ಲಿ ಏನನ್ನೂ ಬರೆದಿಡಲಿಲ್ಲ. ಹಿಂದೆ ವಾದಕರೇ ಆ ಕ್ಷಣದಲ್ಲಿ ಕಟ್ಟುತ್ತಿದ್ದರು. ಬರಬರುತ್ತಾ ಆ ಅಭ್ಯಾಸ ಹೋಗಿ, ದೊಡ್ಡವರು ಬರೆದಿಟ್ಟ ಕಡೆನ್ಜಾ ನುಡಿಸುವುದು ರೂಢಿಯಾಯಿತು. ಫ್ರಿಟ್ಜ್ ಕ್ರೈಸ್ಲರ್ ಬರೆದದ್ದನ್ನು ಬಹಳ ಜನ ನುಡಿಸುತ್ತಾರೆ.

ದುವೆನ್ಯಾಸ್ ತಮ್ಮದನ್ನು ತಾವೇ ಬರೆದುಕೊಂಡರು. 2023ರಲ್ಲಿ ಬಂದ ಅವರ ಮೊದಲ ಆಲ್ಬಮ್ ಈ ಕಾನ್ಚರ್ಟೊದ್ದೇ. ಜೊತೆಗೆ ವಿಯೆನ್ನಾ ಸಿಂಫನಿ, ಕಂಡಕ್ಟರ್ ಮಾನ್‌ಫ್ರೆಡ್ ಹೋನೆಕ್. ಕ್ಲೆಮೆಂಟ್ ಮೊದಲ ಸಲ ನುಡಿಸಿದ ಅದೇ ಊರಿನಲ್ಲಿ, ಮ್ಯೂಸಿಕ್‌ವೆರೈನ್ ಸಭಾಂಗಣದಲ್ಲಿ ಧ್ವನಿಮುದ್ರಣ. ಅದೇ ಆಲ್ಬಮ್‌ನಲ್ಲಿ ಇದೇ ಜಾಗಕ್ಕೆ ಸ್ಪೋರ್, ಇಸಾಯಿ, ಸ್ಯಾನ್‌ಸಾನ್ಸ್, ವಿಯೆನ್ಯಾವ್ಸ್ಕಿ, ಕ್ರೈಸ್ಲರ್ ಬರೆದ ಐದು ಕಡೆನ್ಜಾಗಳನ್ನೂ ನುಡಿಸಿದ್ದಾರೆ. ಐವರು ಹಿರಿಯರ ಮಾತು ಒಂದು ಕಡೆ, ಇಪ್ಪತ್ತರ ಹುಡುಗಿಯ ಮಾತು ಇನ್ನೊಂದು ಕಡೆ. ಮಕ್ಕಳಿಗೆ ಕೇಳಿಸುವುದಾದರೆ ಈ ಆರನ್ನೂ ಒಂದರ ಹಿಂದೆ ಒಂದು ಕೇಳಿಸಿ.

ಕಡೆನ್ಜಾ ಮುಗಿಯಿತು ಅಂತ ವಾದ್ಯವೃಂದಕ್ಕೆ ಗೊತ್ತಾಗುವುದು ಹೇಗೆ? ತನಿಯಲ್ಲಿ ಮುಕ್ತಾಯ ಬರುವುದು ಕೇಳುಗರಿಗೂ ಗೊತ್ತಾಗುತ್ತದಲ್ಲ, ಹಾಗೇ ಇಲ್ಲೂ ಒಂದು ಗುರುತಿದೆ. ಪಿಟೀಲು ಅಕ್ಕಪಕ್ಕದ ಎರಡು ಸ್ವರಗಳ ನಡುವೆ ಬೇಗ ಬೇಗ ನಡುಗುತ್ತಾ ನಿಲ್ಲುತ್ತದೆ. ಕಂಡಕ್ಟರ್ ಕೈ ಎತ್ತುತ್ತಾರೆ. ಇಂಥ ಕಡೆ ವಾದ್ಯವೃಂದ ಜೋರಾಗಿ ನುಗ್ಗಿ ಬರುವುದು ವಾಡಿಕೆ. ಬೀಥೋವನ್ ಹಾಗೆ ಮಾಡಲಿಲ್ಲ. ಹಿಂದೆ ಕೂತವರು ಕಮಾನು ಬಿಟ್ಟು, ಬೆರಳಿನಿಂದ ತಂತಿಯನ್ನು ಮೆಲ್ಲಗೆ ಮೀಟುತ್ತಾರೆ. ಅದರ ಮೇಲೆ ಆ ಎರವಲು ಪಿಟೀಲು, ತೀರಾ ಸಣ್ಣ ದನಿಯಲ್ಲಿ, ಮೊದಲೇ ಕೇಳಿದ್ದ ಒಂದು ರಾಗವನ್ನು ಮತ್ತೆ ಹಾಡುತ್ತದೆ.